ಮೂರು ತಲೆಮಾರು ಬೆಳೆದ ಗುಳ್ಳಕ್ಕೂ ಆಧಾರ ಕೊಡಬೇಕಾ?

ಕಟಪಾಡಿಯಿಂದ ಒಬ್ಬ ಓದುಗರು ಬರೆದಿದ್ದಾರೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಮಟ್ಟುಗುಳ್ಳದ ಬಗ್ಗೆ, ಅಂದರೆ ಉಡುಪಿ ಹತ್ತಿರದ ಮಟ್ಟುವಿನಲ್ಲಿ ಬೆಳೆಯುವ ಬದನೆಯ ಬಗ್ಗೆ. ಅದರ ಮುಖ್ಯ ಭಾಗ ಇದು:

‘ಬಿಡುವಿದ್ದವರು ಕನ್ನಡ ವಿಕಿಪೀಡಿಯಕ್ಕೆ ಬರೆಯಿರಿ ಎಂದು ಹಿಂದೊಮ್ಮೆ ನೀವೇ ಬರೆದಿದ್ದಿರಿ. ಅದನ್ನು ಓದಿ ನಾನೂ ಕೂತೆ. ಮಟ್ಟುಗುಳ್ಳದ ಬಗ್ಗೆ ಎರಡು ಪ್ಯಾರಾ ಸೇರಿಸಿದೆ. ಗುಳ್ಳದ ಬೀಜವನ್ನು ವಾದಿರಾಜರು ಕೊಟ್ಟರು ಎಂದು ಒಂದರಲ್ಲಿ ಬರೆದೆ. ಇನ್ನೊಂದರಲ್ಲಿ, ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ದ ಮೇಲೆ ನಮ್ಮ ಗದ್ದೆಯಲ್ಲಿ ಗುಳ್ಳದ ಸಸಿ ನೆಡುವ ಕ್ರಮ ಬರೆದೆ. ಮರುದಿನ ನೋಡಿದರೆ ಮೊದಲನೆಯದಕ್ಕೆ “ಎಂಬುದು ಸ್ಥಳೀಯರ ನಂಬಿಕೆ” ಅಂತ ಸೇರಿಸಿದ್ದಾರೆ. ಎರಡನೆಯದು ಪುಟದಲ್ಲೇ ಇಲ್ಲ. “ಆಧಾರವಿಲ್ಲ” ಅಂತ ಒಂದೇ ಮಾತು ಬರೆದು ಯಾರೋ ತೆಗೆದಿದ್ದಾರೆ. ಮೂರು ತಲೆಮಾರಿನಿಂದ ಗುಳ್ಳ ಬೆಳೆಯುವ ಮನೆ ನಮ್ಮದು. ನನ್ನ ಹತ್ತಿರ ಆಧಾರ ಕೇಳುವವರು ಯಾರು? ಸಂಬಳವಿಲ್ಲದ ಕೆಲಸಕ್ಕೆ ಹೋಗಿ ಇದನ್ನೆಲ್ಲ ಕೇಳಿಸಿಕೊಳ್ಳಬೇಕಾ?’

ರಾಯರೇ, ದಯವಿಟ್ಟು ಬಿಡಬೇಡಿ. ನಿಮಗೆ ಬೇಸರ ಆದದ್ದು ಸಹಜ. ಆದರೆ ನಿಮ್ಮ ಎರಡು ಪ್ಯಾರಾಗಳಿಗೆ ಆದದ್ದು ಎರಡು ಬೇರೆ ಬೇರೆ ಸಂಗತಿ. ಒಂದರಲ್ಲಿ ತಿದ್ದಿದವರು ಸರಿ, ಇನ್ನೊಂದರಲ್ಲಿ ಅವರು ಅವಸರ ಮಾಡಿದರು ಅಂತ ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಒಂದು ಮಾತು. ನೀವು ಬರೆದದ್ದು ಎಲ್ಲೂ ಹೋಗಿಲ್ಲ. ಪ್ರತಿ ಲೇಖನಕ್ಕೂ ‘ಇತಿಹಾಸ’ ಅಂತ ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿ ನೋಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಹೆಸರಿನವರು ಏನು ಬದಲಿಸಿದರು ಎಂಬುದು ಸಾಲಾಗಿ ಕಾಣುತ್ತದೆ. ನಿಮ್ಮ ಪ್ಯಾರಾ ಇದ್ದ ಆವೃತ್ತಿಯೂ ಅಲ್ಲೇ ಇರುತ್ತದೆ. ನೀವು ಲೆಡ್ಜರ್ ಬರೆದವರು. ತಪ್ಪು ಬಿದ್ದರೆ ಕೆರೆದು ಅಳಿಸುವಂತಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು ಅಲ್ವಾ? ಇಲ್ಲಿನ ಕ್ರಮವೂ ಅದೇ. ತೆಗೆದದ್ದನ್ನು ಮತ್ತೆ ತರಲು ಒಂದು ಕ್ಲಿಕ್ ಸಾಕು. ಹಾಗಂತ ಸುಮ್ನೆ ತರಬೇಡಿ. ಅವರು ತೆಗೆಯುವುದು, ನೀವು ಹಾಕುವುದು, ಮತ್ತೆ ಅವರು ತೆಗೆಯುವುದು ಶುರುವಾದರೆ ಇಬ್ಬರಿಗೂ ಕೆಲಸ ಆಗುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಹಿಂದಕ್ಕೆ ತಿರುಗಿಸಿದವರನ್ನು ತಡೆಹಿಡಿಯುತ್ತಾರೆ.

ಈಗ ವಾದಿರಾಜರ ಮಾತು. ಸೋದೆ ಮಠದ ವಾದಿರಾಜರು ಮಟ್ಟುವಿನವರಿಗೆ ಗುಳ್ಳದ ಬೀಜ ಕೊಟ್ಟರು ಎಂದು ಉಡುಪಿಯ ಸುತ್ತ ಎಲ್ಲರೂ ಹೇಳುತ್ತಾರೆ. ಗುಳ್ಳಕ್ಕೂ ಕೃಷ್ಣಮಠಕ್ಕೂ ಇರುವ ಸಂಬಂಧ ಇವತ್ತಿಗೂ ಇದೆ. ಪರ್ಯಾಯದ ಅಡುಗೆಯಲ್ಲಿ ಗುಳ್ಳ ಇಲ್ಲ ಅಂದರೆ ಯಾರೂ ಒಪ್ಪುವುದಿಲ್ಲ. ಆದರೆ ವಾದಿರಾಜರು ಹದಿನಾರನೇ ಶತಮಾನದವರು. ಬೀಜ ಕೊಟ್ಟದ್ದು ಜನ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಮಾತು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ, ಅಂದರೆ ಈ ಹೆಸರು ಆ ಊರಿನ ಬೆಳೆಗೆ ಮಾತ್ರ ಎಂಬ, ಮಾನ್ಯತೆ ಸಿಕ್ಕಿದ್ದು ಸರ್ಕಾರದ ದಾಖಲೆಯಲ್ಲಿರುವ ಮಾತು. ಎರಡೂ ಪುಟದಲ್ಲಿ ಇರಬೇಕು. ಯಾವುದು ಯಾವ ಬಗೆಯದು ಅಂತ ಓದುವವರಿಗೆ ಗೊತ್ತಾಗಬೇಕು, ಅಷ್ಟೇ. ‘ನಂಬಿಕೆ’ ಅಂತ ಸೇರಿಸಿದವರು ನಿಮ್ಮ ನಂಬಿಕೆಯನ್ನು ಸುಳ್ಳು ಅಂದಿಲ್ಲ. ಯಾರು ಹೇಳುತ್ತಾರೆ ಎಂಬುದನ್ನು ಹೇಳಿದ್ದಾರೆ. ಉಡುಪಿಯನ್ನೇ ನೋಡದ ಬೀದರಿನ ಒಬ್ಬ ಹುಡುಗಿ ಅದನ್ನು ಓದಿದರೆ ಅವಳಿಗೆ ಗುಳ್ಳವೂ ತಿಳಿಯುತ್ತದೆ, ಗುಳ್ಳ ಬೆಳೆಯುವವರ ಮನಸ್ಸೂ ತಿಳಿಯುತ್ತದೆ. ಈ ತಿದ್ದುಪಡಿಯನ್ನು ಒಪ್ಪಿಕೊಳ್ಳಿ ರಾಯರೇ. ನಿಮ್ಮ ವಾಕ್ಯ ಮೊದಲಿಗಿಂತ ಗಟ್ಟಿಯಾಗಿದೆ.

ಎರಡನೆಯದರಲ್ಲಿ ನಾನು ನಿಮ್ಮ ಕಡೆ. ಸಸಿ ನೆಡುವ ಕ್ರಮವನ್ನು ಅಷ್ಟು ಬೇಗ ತೆಗೆಯುವ ಅಗತ್ಯ ಇರಲಿಲ್ಲ. ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಆಧಾರ ಬೇಕು ಅಂತ ವಾಕ್ಯದ ಪಕ್ಕ ಒಂದು ಗುರುತು ಹಾಕಿ, ನಿಮ್ಮ ಚರ್ಚೆ ಪುಟದಲ್ಲಿ (ಬರೆಯುವ ಪ್ರತಿಯೊಬ್ಬರಿಗೂ, ಪ್ರತಿ ಲೇಖನಕ್ಕೂ ಮಾತಾಡಲು ಅಂಥ ಪುಟ ಇರುತ್ತದೆ) ಎರಡು ಸಾಲು ಬರೆದು, ನಾಲ್ಕು ದಿನ ಕಾಯಬಹುದಿತ್ತು. ಹೊಸಬರ ಜೊತೆ ಮೆದುವಾಗಿ ನಡೆದುಕೊಳ್ಳಿ ಎಂಬುದು ವಿಕಿಪೀಡಿಯದವರೇ ಮಾಡಿಕೊಂಡ ನಿಯಮ. ಕೂಡಲೇ ತೆಗೆಯಬೇಕಾದದ್ದು ಬೇರೆ ಇರುತ್ತದೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ ಯಾರೋ ಒಬ್ಬರು ಕೆನಡಿ ಕೊಲೆಗೂ ಅವರಿಗೂ ಸಂಬಂಧ ಕಟ್ಟಿ ಸುಳ್ಳು ಬರೆದರು. ಅದು ನಾಲ್ಕು ತಿಂಗಳು ಹಾಗೇ ಇತ್ತು. ಬದುಕಿರುವ ಮನುಷ್ಯನ ಬಗ್ಗೆ ಆಧಾರವಿಲ್ಲದ ಮಾತು ಒಂದು ನಿಮಿಷವೂ ಇರಬಾರದು ಅಂತ ಇವತ್ತು ಅಲ್ಲಿನವರು ಅಷ್ಟು ಬಿಗಿಯಾಗಿರುವುದಕ್ಕೆ ಅಂಥ ಅನುಭವಗಳೇ ಕಾರಣ. ಆದರೆ ಗುಳ್ಳದ ಸಸಿಗೆ ಆ ಬಿಗಿ ಬೇಕಿರಲಿಲ್ಲ.

ಇಷ್ಟು ಹೇಳಿದರೂ ನಿಮ್ಮ ದೊಡ್ಡ ಪ್ರಶ್ನೆ ಉಳಿಯುತ್ತದೆ. ಬೆಳೆದವನ ಮಾತಿಗೂ ಆಧಾರ ಯಾಕೆ?

ನಮ್ಮ ಪತ್ರಿಕೆಗೆ ನೀವು ಗುಳ್ಳದ ಲೇಖನ ಕಳಿಸಿದರೆ ನಾನು ಫೋನ್ ಮಾಡುತ್ತೇನೆ. ಬೇಕಾದರೆ ಕಟಪಾಡಿಗೆ ಬಂದು ಗದ್ದೆ ನೋಡುತ್ತೇನೆ. ಅಚ್ಚಾದ ಮೇಲೆ ತಪ್ಪು ಕಂಡರೆ ಜನ ನನ್ನನ್ನು ಕೇಳುತ್ತಾರೆ. ವಿಕಿಪೀಡಿಯದಲ್ಲಿ ಆ ಜಾಗದಲ್ಲಿ ಯಾರೂ ಇಲ್ಲ. ಅದನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಸರ್ವರ್ ನೋಡಿಕೊಳ್ಳುತ್ತದೆ, ಲೇಖನ ಬರೆಯುವುದಿಲ್ಲ. ಬರೆಯುವವರು, ತಿದ್ದುವವರು, ಕಾಯುವವರು ಎಲ್ಲ ನಿಮ್ಮ ಹಾಗೆ ಬಿಡುವಿನಲ್ಲಿ ಕೂತವರು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ. ನೀವು ಮೂರು ತಲೆಮಾರಿನ ಬೆಳೆಗಾರರು ಅಂತ ನಿಮ್ಮ ಪ್ಯಾರಾ ತೆಗೆದವರಿಗೆ ಹೇಗೆ ಗೊತ್ತಾಗಬೇಕು? ನಾಳೆ ಗುಳ್ಳವನ್ನೇ ನೋಡದವರು ಬಂದು ‘ನಮ್ಮದೂ ಗುಳ್ಳ ಬೆಳೆಯುವ ಮನೆ’ ಅಂತ ಬೇರೇನೋ ಬರೆದರೆ ಯಾರ ಮಾತು ಇಟ್ಟುಕೊಳ್ಳುವುದು? ಅದಕ್ಕೇ ಅವರು ಮನುಷ್ಯರನ್ನು ಅಳೆಯಲು ಹೋಗುವುದಿಲ್ಲ. ಅಚ್ಚಾದ ಪುಸ್ತಕ, ಪತ್ರಿಕೆ, ವರದಿಯ ಕಡೆ ಬೆರಳು ತೋರಿಸಿ ಅನ್ನುತ್ತಾರೆ. ಪ್ರಾಧ್ಯಾಪಕರು ಬರೆದರೂ ಅದೇ ಪ್ರಶ್ನೆ, ಹತ್ತನೇ ಕ್ಲಾಸಿನ ಹುಡುಗ ಬರೆದರೂ ಅದೇ ಪ್ರಶ್ನೆ. ಇದರಲ್ಲಿ ನನಗೆ ಅವಮಾನ ಕಾಣುವುದಿಲ್ಲ. ಇದರಷ್ಟು ಸಮಾನವಾದ ಜಾಗ ನಮ್ಮಲ್ಲಿ ಕಡಿಮೆ.

ನಮ್ಮ ಊರಿನ ಜನ ವಿಶ್ವಕೋಶಕ್ಕೆ ಹೊಸಬರಲ್ಲ. ಕೋಟದ ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟದ ‘ಬಾಲ ಪ್ರಪಂಚ’ ಮಾಡಿದರು. ಆಮೇಲೆ ವಿಜ್ಞಾನಕ್ಕೆ ನಾಲ್ಕು ಸಂಪುಟ. ಅಲ್ಲಿ ಕಾರಂತರ ಹೆಸರೇ ಆಧಾರ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು. ಅದರಲ್ಲಿ ವಿದ್ವಾಂಸರ ಮಂಡಳಿಯೇ ಆಧಾರ. ಹೆಸರಿಲ್ಲದ ಸಾವಿರಾರು ಜನ ಸೇರಿ ಬರೆಯುವಾಗ ಆ ಎರಡೂ ಇರುವುದಿಲ್ಲ. ಹಾಗಿದ್ದೂ ಕೆಲಸ ನಡೆಯುತ್ತದೆ. 2005ರಲ್ಲಿ ‘ನೇಚರ್’ ಪತ್ರಿಕೆ 42 ವಿಜ್ಞಾನ ವಿಷಯಗಳನ್ನು ಹಿಡಿದು ಇಂಗ್ಲಿಷ್ ವಿಕಿಪೀಡಿಯವನ್ನೂ ಬ್ರಿಟಾನಿಕಾವನ್ನೂ ತಜ್ಞರಿಂದ ಓದಿಸಿತು. ಲೇಖನಕ್ಕೆ ಸರಾಸರಿ ವಿಕಿಪೀಡಿಯದಲ್ಲಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು. ಬ್ರಿಟಾನಿಕಾದವರು ಆ ಲೆಕ್ಕವನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಆಗ ವಿಕಿಪೀಡಿಯಕ್ಕೆ ಐದು ವರ್ಷವೂ ತುಂಬಿರಲಿಲ್ಲ.

ಇನ್ನು ಆಧಾರದ ನಿಯಮ ನಮ್ಮ ಕರಾವಳಿಗೆ ಮಾಡುವ ನಷ್ಟದ ಬಗ್ಗೆ. ನಿಮ್ಮ ಪತ್ರದಲ್ಲಿ ನನ್ನನ್ನು ತುಂಬಾ ಕಾಡಿದ್ದು ಇದು. ನಮ್ಮಲ್ಲಿ ಗೊತ್ತಿರುವುದು ಜಾಸ್ತಿ, ಅಚ್ಚಾದದ್ದು ಕಡಿಮೆ. ನೇಜಿ (ಭತ್ತದ ಸಸಿ) ನೆಡುವಾಗ ಹೇಳುವ ಪಾಡ್ದನ ಎಂಬ ತುಳು ಹಾಡು ಒಂದೊಂದು ಊರಿನಲ್ಲಿ ಒಂದೊಂದು ತರಹ. ಯಾವ ಗಾಳಿಗೆ ಯಾವ ಮೀನು ದಡಕ್ಕೆ ಬರುತ್ತದೆ ಅಂತ ಮಲ್ಪೆಯ ಹಿರಿಯರು ಹೇಳುತ್ತಾರೆ, ಬರೆದಿಡುವುದಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು ವರ್ಷಗಟ್ಟಲೆ ದುಡಿದು ಆರು ಸಂಪುಟದ ತುಳು ನಿಘಂಟು ಮಾಡಿದ್ದರಿಂದ ತುಳುವಿನ ಎಷ್ಟೋ ಮಾತು ಉಳಿಯಿತು. ಅಂಥ ಕೆಲಸ ಆಗದ ಕಡೆ ವಿಕಿಪೀಡಿಯದವರು ಏನೂ ಮಾಡುವಂತಿಲ್ಲ. ಬೇರೆಯವರು ಮೊದಲೇ ಪ್ರಕಟಿಸಿದ್ದನ್ನು ಮಾತ್ರ ಅವರು ಸೇರಿಸಬಹುದು. ನಿಮ್ಮ ಸಸಿಯ ಪ್ಯಾರಾ ಬಿದ್ದು ಹೋದದ್ದಕ್ಕೆ ಅರ್ಧ ಹೊಣೆ ತೆಗೆದವರದ್ದಾದರೆ, ಇನ್ನರ್ಧ ಇಷ್ಟು ವರ್ಷ ಅದನ್ನು ಅಚ್ಚು ಮಾಡದ ನಮ್ಮಂಥ ಪತ್ರಿಕೆಗಳದ್ದು.

ಅದಕ್ಕೇ ಕೇಳುತ್ತೇನೆ, ಅದನ್ನು ನಮಗೆ ಬರೆದುಕೊಡಿ. ಎರಡು ಪುಟ ಇರಲಿ. ಬೀಜಕ್ಕೆ ಯಾವ ಕಾಯಿ ಬಿಡುತ್ತೀರಿ, ಸಸಿ ಎಷ್ಟು ದಿನಕ್ಕೆ ಏಳುತ್ತದೆ, ಗದ್ದೆಗೆ ಉಪ್ಪುನೀರು ನುಗ್ಗಿದರೆ ಏನು ಮಾಡುತ್ತೀರಿ, ತೊಟ್ಟಿನ ಮುಳ್ಳು ನೋಡಿ ಮಟ್ಟುವಿನದ್ದೇ ಅಂತ ಹೇಗೆ ಗುರುತು ಹಿಡಿಯುತ್ತೀರಿ, ಎಲ್ಲ ಬರಲಿ. ಆದರೆ ನೀವು ಕಳಿಸಿದ್ದನ್ನು ಹಾಗೇ ಹಾಕುವುದಿಲ್ಲ. ಮಟ್ಟುವಿನ ಬೇರೆ ಬೆಳೆಗಾರರಿಗೂ ತೋಟಗಾರಿಕೆ ಇಲಾಖೆಯವರಿಗೂ ತೋರಿಸಿ, ಅವರು ಬೇರೆ ಹೇಳಿದರೆ ಅದನ್ನೂ ಪಕ್ಕದಲ್ಲಿ ಹಾಕುತ್ತೇವೆ. ಯಾಕೆ ಗೊತ್ತಾ? ಇಲ್ಲಿ ಅಚ್ಚಾದದ್ದು ನಾಳೆ ಅಲ್ಲಿ ಆಧಾರ ಆಗುತ್ತದೆ. ಕೆಲವೊಮ್ಮೆ ಯಾರೋ ವಿಕಿಪೀಡಿಯದಲ್ಲಿ ಆಧಾರವಿಲ್ಲದೆ ಒಂದು ಇಸವಿ ಹಾಕಿರುತ್ತಾರೆ. ಅವಸರದಲ್ಲಿರುವ ವರದಿಗಾರರು ಅದನ್ನೇ ಎತ್ತಿ ಸುದ್ದಿಯಲ್ಲಿ ಹಾಕುತ್ತಾರೆ. ಆಮೇಲೆ ಆ ಸುದ್ದಿಯನ್ನೇ ಆಧಾರ ಅಂತ ವಿಕಿಪೀಡಿಯದಲ್ಲಿ ತೋರಿಸುತ್ತಾರೆ. ತಪ್ಪು ಒಂದು ಸುತ್ತು ಹೊಡೆದು ಸತ್ಯವಾಗಿ ಕೂತುಬಿಡುತ್ತದೆ. ಅದನ್ನು ಎಬ್ಬಿಸುವುದು ಎಷ್ಟು ಕಷ್ಟ! ಪತ್ರಿಕೆ ಮಾಡುವವರೆಲ್ಲ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು ಅಂತ ನನ್ನ ಕಳಕಳಿಯ ಮಾತು.

ಲೇಖನ ಬಂದ ಮೇಲೆ ಅದನ್ನು ನೀವೇ ವಿಕಿಪೀಡಿಯದಲ್ಲಿ ಉಲ್ಲೇಖ ಮಾಡುವುದಕ್ಕಿಂತ ಮಟ್ಟುಗುಳ್ಳದ ಚರ್ಚೆ ಪುಟದಲ್ಲಿ ತಿಳಿಸುವುದು ಒಳ್ಳೆಯದು. ‘ಇದು ನಾನೇ ಬರೆದದ್ದು, ಉಪಯೋಗ ಆಗುತ್ತದಾ ನೋಡಿ’ ಅಂತ ಬರೆದು ಕೊನೆಗೆ ನಾಲ್ಕು ಟಿಲ್ಡೆ (~~~~) ಒತ್ತಿದರೆ ನಿಮ್ಮ ಸಹಿ, ದಿನಾಂಕ ತಾನಾಗಿ ಬೀಳುತ್ತದೆ. ಬೇರೆಯವರು ನೋಡಿ ಸೇರಿಸಲಿ. ನಿಮ್ಮ ಪ್ಯಾರಾ ತೆಗೆದವರೇ ಸೇರಿಸಿದರೂ ಆಶ್ಚರ್ಯ ಇಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಹುಡುಕಿ ನೋಡಿ. ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಪುಸ್ತಕ, ಸಹಕಾರಿ ಸಂಘದ ಹಳೇ ವರದಿ ಯಾವುದಾದರೂ ಇರುತ್ತದೆ. ಅದರಲ್ಲಿ ಗುಳ್ಳದ ಬಗ್ಗೆ ನಾಲ್ಕು ಸಾಲು ಸಿಕ್ಕರೂ ಪುಟದ ಸಂಖ್ಯೆ ಸಮೇತ ಹಾಕಿ. ಆದರೆ ವಾಕ್ಯಗಳನ್ನು ಹಾಗೇ ನಕಲು ಮಾಡಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ಮನೆಯವರದ್ದು.

ನಿಮ್ಮ ಪ್ಯಾರಾ ತೆಗೆದವರು ಯಾರು ಅಂತ ಕೇಳಿದ್ದೀರಿ. ನನಗೆ ಗೊತ್ತಿಲ್ಲ, ಹುಡುಕುವುದೂ ಸರಿಯಲ್ಲ. ಆದರೆ ಅಂಥವರು ಎಷ್ಟು ಕಡಿಮೆ ಅಂತ ಗೊತ್ತಿದೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇವತ್ತು ಅದರಲ್ಲಿ ಇರುವುದು ಮೂವತ್ತು ಸಾವಿರದ ಮೇಲೆ ಕೆಲವು ಸಾವಿರ ಲೇಖನ. ಪಕ್ಕದ ಮಲಯಾಳದಲ್ಲಿ ಎಂಬತ್ತು ಸಾವಿರ ದಾಟಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳು ಕನ್ನಡದಲ್ಲಿ ಲೇಖನ ಬರೆದಿದ್ದಾರೆ. ಸಂಪಾದನೋತ್ಸವ ಅಂತ ಮಾಡಿ ಒಂದೇ ಕಡೆ ಕೂತು ದಿನವಿಡೀ ಬರೆಯುವುದೂ ಇದೆ. ತುಳುವಿನ ಕತೆ ಇನ್ನೂ ದೊಡ್ಡದು. ಅದು ವರ್ಷಾನುಗಟ್ಟಲೆ ವಿಕಿಮೀಡಿಯದ ಪ್ರಯೋಗದ ಹಂತದಲ್ಲೇ ಇತ್ತು. ತಿಂಗಳು ತಿಂಗಳೂ ಬಿಡದೆ ಬರೆಯುವವರು ಇದ್ದಾರೆ ಅಂತ ತೋರಿಸಿದ ಮೇಲೆ, 2016ರ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯ ಸ್ವಂತ ಪುಟವಾಗಿ ತೆರೆಯಿತು. ಯಾರೂ ಸಂಬಳಕ್ಕೆ ಮಾಡಿದ್ದಲ್ಲ. ಕೆಲಸ ಮುಗಿಸಿ ಮನೆಗೆ ಬಂದು, ಊಟ ಆದ ಮೇಲೆ ಒಂದು ಗಂಟೆ ಕೂತು, ಅವತ್ತಿನ ಬದಲಾವಣೆಗಳನ್ನೆಲ್ಲ ನೋಡಿ, ಕಿಡಿಗೇಡಿಗಳು ಬರೆದ ಬೈಗುಳ ತೆಗೆದು, ಕಂಪ್ಯೂಟರ್ ಅನುವಾದದ ಅಡ್ಡಾದಿಡ್ಡಿ ಕನ್ನಡ ತಿದ್ದುವವರು ಅವರು. ಆ ರಾಶಿಯ ನಡುವೆ ನಿಮ್ಮ ಪ್ಯಾರಾ ಬಂದಿರುತ್ತದೆ. ಒಂದೇ ಮಾತು ಬರೆದು ಮುಂದೆ ಹೋಗಿದ್ದಾರೆ. ಅದು ಒರಟಾಗಿ ಕಾಣುತ್ತದೆ ನಿಜ. ಅಲ್ಲಿ ಇನ್ನೂ ಹತ್ತು ಜನ ಇದ್ದಿದ್ದರೆ ಅವರಿಗೆ ನಿಮಗೆ ಎರಡು ಸಾಲು ಬರೆಯಲು ಪುರುಸೊತ್ತು ಇರುತ್ತಿತ್ತು. ಆ ಹತ್ತರಲ್ಲಿ ನೀವು ಒಬ್ಬರಾಗಬೇಕು ಎಂಬುದು ನನ್ನ ಆಸೆ.

ಚರ್ಚೆ ಪುಟದಲ್ಲಿ ಬರೆದು ವಾರ ಕಳೆದರೂ ಉತ್ತರ ಬಾರದಿದ್ದರೆ ‘ಅರಳಿ ಕಟ್ಟೆ’ಗೆ ಹೋಗಿ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಅದೇ ಹೆಸರು. ಕೋಪದ ಮಾತು ಬೇಡ. ‘ನಾನು ಹೊಸಬ, ಇಂಥ ಪ್ಯಾರಾ ತೆಗೆದಿದ್ದಾರೆ, ಹೇಗೆ ಸರಿ ಮಾಡಲಿ’ ಅಂತ ಕೇಳಿ. ಹೀಗೆ ಕೇಳಿದವರಿಗೆ ದಾರಿ ತೋರಿಸುವವರು ಅಲ್ಲಿ ಇದ್ದಾರೆ.

ಮತ್ತೆ, ಆಧಾರ ಕೊಡದೆಯೇ ನೀವು ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಗುಳ್ಳದ ಹೂವು, ಎಳೆ ಕಾಯಿ, ತೊಟ್ಟಿನ ಮುಳ್ಳು, ಕಾಯಿಯ ಮೇಲಿನ ಬಿಳಿ ಗೆರೆ, ಸಸಿಯ ಪಾತಿ, ಇವುಗಳ ಫೋಟೋ ತೆಗೆದು, ವಿಕಿಪೀಡಿಯಕ್ಕೆ ಬೇಕಾದ ಫೋಟೋಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಬೆಳಗಿನ ಬೆಳಕಿನಲ್ಲಿ, ಹತ್ತಿರದಿಂದ ತೆಗೆಯಿರಿ. ನೀವೇ ತೆಗೆದ ಫೋಟೋ ಆಗಿರಬೇಕು, ವಾಟ್ಸಾಪ್‌ನಲ್ಲಿ ಬಂದದ್ದು ಬೇಡ. ಒಮ್ಮೆ ಹಾಕಿದರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ನಮ್ಮ ಲೇಖನಕ್ಕೂ ಅದರಲ್ಲೇ ಎರಡು ಆರಿಸಿಕೊಳ್ಳುತ್ತೇವೆ.

— ಸಂಪಾದಕ, ಮಂಗಳೂರು