ಬಾಟಲಿಯಲ್ಲಿ ಕೊಳೆತ ಅಣಬೆ

ಪ್ರಶ್ನೆ: ಹೋದ ಮಳೆಗಾಲದಲ್ಲಿ ಶಾಲೆ ಹಿಂದಿನ ಹುತ್ತದ ಮೇಲೆ ಅಣಬೆ ಎದ್ದಿದ್ದವು. ಮಕ್ಕಳಿಗೆ ತೋರಿಸೋಣ ಅಂತ ಎರಡು ಕಿತ್ತು ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿಟ್ಟೆ. ಮೂರನೇ ದಿನಕ್ಕೆ ಕೊಳೆತು ನಾರಿದವು. ಫಾರ್ಮಲಿನ್ ಹಾಕಬೇಕಿತ್ತಾ? ಒಣಗಿಸಿದ ಅಣಬೆಗಳನ್ನು ನೂರಾರು ವರ್ಷ ಇಡುತ್ತಾರಂತೆ, ಅದರಿಂದ ಏನು ಉಪಯೋಗ?
– ಶಿಕ್ಷಕಿ, ಚನ್ನಗಿರಿ

ಉತ್ತರ: ಫಾರ್ಮಲಿನ್ ಬೇಡ ಮೇಡಂ. ಅದರಲ್ಲಿಟ್ಟರೆ ಡಿಎನ್‌ಎ ಹಾಳಾಗುತ್ತದೆ. ಒಣಗಿಸಿದರೆ ಸಾಕು.

ಆದರೆ ಒಣಗಿಸುವ ಮುಂಚಿನ ಕೆಲಸವೇ ಜಾಸ್ತಿ ಮುಖ್ಯ, ಯಾಕಂದ್ರೆ ಒಣಗಿದ ಮೇಲೆ ಬಣ್ಣ, ವಾಸನೆ, ಆಕಾರ ಎಲ್ಲಾ ಹೋಗಿ ಸುಕ್ಕುಗಟ್ಟಿದ ಚೂರಷ್ಟೇ ಉಳಿಯುತ್ತದೆ. ಹಸಿ ಇರುವಾಗಲೇ ಫೋಟೋ ತೆಗೆಯಿರಿ. ಊರು, ತಾರೀಖು, ಯಾವುದರ ಮೇಲೆ ಬೆಳೆದಿತ್ತು, ಕೊಯ್ದಾಗ ಬಣ್ಣ ತಿರುಗಿತಾ, ಇಷ್ಟನ್ನೂ ಬರೆದಿಡಿ. ಒಂದು ಅಣಬೆಯ ಕೊಡೆಯನ್ನು ಕತ್ತರಿಸಿ, ಪದರಗಳು ಕೆಳಗಾಗುವಂತೆ ಹಾಳೆ ಮೇಲಿಟ್ಟು ಬಟ್ಟಲು ಮುಚ್ಚಿ. ಬೆಳಗ್ಗೆ ಎತ್ತಿದರೆ ಬೀಜಕಣಗಳ ಪುಡಿ ರಂಗೋಲಿ ಎಳೆಗಳ ಹಾಗೆ ಬಿದ್ದಿರುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ. ಮಕ್ಕಳು ಇದನ್ನು ನೋಡಲೇಬೇಕು.

ಉಳಿದದ್ದನ್ನು ಉದ್ದಕ್ಕೆ ಸೀಳಿ, ಜಾಲರಿ ಮೇಲೆ ಹರಡಿ, 40 ಡಿಗ್ರಿ ಆಸುಪಾಸಿನ ಬಿಸಿ ಗಾಳಿಯಲ್ಲಿ ಹಪ್ಪಳದ ಹಾಗೆ ಲಟಕ್ಕನೆ ಮುರಿಯುವವರೆಗೆ ಒಣಗಿಸಿ. ಬೇಯಬಾರದು. ಕಾಗದದ ಪೊಟ್ಟಣ ಕಟ್ಟಿ, ಗಾಳಿಯಾಡದ ಚೀಲದಲ್ಲಿ ಒಂದು ವಾರ ಫ್ರೀಜರಿನಲ್ಲಿಡಿ. ಈ ಹಂತ ಬಿಟ್ಟಿದ್ದಕ್ಕೆ ನನ್ನ ಒಂದು ಪೊಟ್ಟಣದಲ್ಲಿ ಹುಳ ಬಿದ್ದು ಬರೀ ಪುಡಿ ಉಳಿದಿತ್ತು, ಈಗಲೂ ಬೇಜಾರಾಗುತ್ತದೆ.

ಉಪಯೋಗ ಅಂದಿರಲ್ಲ, ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ಜನ ಸತ್ತರು. ಆ ಕಾಲದಲ್ಲಿ ಯಾರೋ ಒಣಗಿಸಿಟ್ಟಿದ್ದ ರೋಗದ ಎಲೆಗಳಿಂದ 2013ರಲ್ಲಿ ಡಿಎನ್‌ಎ ತೆಗೆದು, ರೋಗ ತಂದದ್ದು ಯಾವ ತಳಿ ಅಂತ ಕಂಡುಹಿಡಿದರು. ಆ ರೋಗಾಣುವನ್ನು ಈಗ ಅಣಬೆಗಳಿರುವ ಶಿಲೀಂಧ್ರದ ಗುಂಪಿಗೆ ಸೇರಿಸುವುದಿಲ್ಲ, ಆದರೂ ಅದರ ಮಾದರಿಗಳು ಶಿಲೀಂಧ್ರಗಳ ಜೊತೆಗೇ ಇವೆ. ನಿಮ್ಮ ಕಡೆಯ ಅಡಿಕೆ ತೋಟದವರು ಹೆದರುವ ಕೊಳೆರೋಗ ತರುವುದೂ ಅದೇ ಕುಲದ ಜೀವಿ. ಇಂಥ ಪೊಟ್ಟಣಗಳು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸುಮಾರು 12.5 ಲಕ್ಷ ಇವೆ. ನಮ್ಮಲ್ಲೂ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ದೊಡ್ಡ ಸಂಗ್ರಹವಿದೆ, 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರುವಾದದ್ದು.

ಈ ಸಲ ಹುತ್ತದ ಅಣಬೆಯನ್ನು ಕೀಳಬೇಡಿ, ಅಗೆಯಿರಿ. ಅದರ ಬುಡ ಬೇರಿನ ಹಾಗೆ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ, ಎಳೆದರೆ ಅರ್ಧಕ್ಕೇ ತುಂಡಾಗುತ್ತದೆ.