‘ಪ್ರೋಸೆಸ್‌ನಲ್ಲಿದೆ’

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಒಬ್ಬ ಯುವಕರ ಕತೆ ಇದು. ಊರು, ಕೆಲಸ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿದ್ದಾರೆ. "ನನ್ನ ಥರದವರು ಈ ಊರಲ್ಲೇ ಹತ್ತು ಜನ ಸಿಗ್ತಾರೆ ಮೇಡಂ, ಬರೀರಿ" ಅಂದರು.

ವಯಸ್ಸು 33. ಅರಸೀಕೆರೆ ಕಡೆಯವರು, ಈಗ ಕೆನಡಾದ ಕಿಚನರ್‌ನಲ್ಲಿ ಇನ್ನಿಬ್ಬರ ಜೊತೆ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದಾರೆ. ಇಲ್ಲಿ ಶನಿವಾರ ರಾತ್ರಿ ಎಂಟು ಅಂದ್ರೆ ಅಲ್ಲಿ ಬೆಳಿಗ್ಗೆ ಹತ್ತೂವರೆ, ಹಾಗೆ ವಿಡಿಯೋದಲ್ಲಿ ಮಾತು. ನಿದ್ದೆ ಬರಲ್ಲ, ಎದೆ ಹಿಡಿದ ಹಾಗಾಗುತ್ತೆ, ಡಾಕ್ಟರ್ ನೋಡಿ ಏನೂ ಇಲ್ಲ ಅಂದರು ಅಂತ ಶುರುವಾಯಿತು. ನಾನೂ ನಿದ್ದೆಯ ವಿಷಯವನ್ನೇ ಹಿಡಿದುಕೊಂಡು ಎರಡು ವಾರ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಏನೂ ಪ್ರಯೋಜನ ಆಗಲಿಲ್ಲ. ತಪ್ಪು ನನ್ನದೇ. ಮಾತಾಡುವಾಗ ಅವರ ಕಣ್ಣು ಪದೇ ಪದೇ ಪಕ್ಕಕ್ಕೆ ಹೋಗುತ್ತಿತ್ತು, ಅದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.

ಮೂರನೇ ವಾರ ಕೇಳಿದೆ. ಸ್ವಲ್ಪ ನಾಚಿಕೊಂಡು ಪರದೆ ತೋರಿಸಿದರು. ಒಂದು ಎಕ್ಸೆಲ್ ಹಾಳೆ. ಎಡಗಡೆ ದಿನಾಂಕ, ಮಧ್ಯದಲ್ಲಿ ಡ್ರಾದ ಕಟಾಫ್, ಬಲಗಡೆ ತಮ್ಮ ಅಂಕ. ಪ್ರತಿ ಅಕ್ಟೋಬರ್‌ನಲ್ಲೂ ಒಂದು ಸಾಲು ಕೆಂಪು ಬಣ್ಣದಲ್ಲಿತ್ತು. ಏನದು ಅಂದೆ. "ನನ್ನ ಹುಟ್ಟುಹಬ್ಬ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ, ಅಂದರೆ ಪಿಆರ್‌ಗೆ, ಅಂಕ ನೋಡಿ ಜನರನ್ನು ಆರಿಸುವ ವ್ಯವಸ್ಥೆ ಎಕ್ಸ್‌ಪ್ರೆಸ್ ಎಂಟ್ರಿ. ಅದು 2015ರಲ್ಲಿ ಶುರುವಾಯಿತು. ಪ್ರೊಫೈಲ್ ಹಾಕಿದವರೆಲ್ಲ ‘ಪೂಲ್’ ಅನ್ನುವ ಪಟ್ಟಿಯಲ್ಲಿ ಕಾಯುತ್ತಾರೆ. ಆಗಾಗ ಡ್ರಾ ನಡೆಸಿ, ಕಟಾಫ್ ಅಂಕ ಮುಟ್ಟಿದವರನ್ನು ಅರ್ಜಿ ಹಾಕಲು ಕರೆಯುತ್ತಾರೆ. ಒಟ್ಟು 1200 ಅಂಕ. ವಯಸ್ಸು, ಓದು, ಭಾಷೆ, ಕೆಲಸ ಎಲ್ಲಕ್ಕೂ ಅಂಕ ಇದೆ. ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29 ವಯಸ್ಸಿನ ತನಕ ವಯಸ್ಸಿಗೇ 110 ಸಿಗುತ್ತದೆ. 33ಕ್ಕೆ ಅದು 88, 34ಕ್ಕೆ 83, 40ಕ್ಕೆ 50, 45 ತುಂಬಿದರೆ ಸೊನ್ನೆ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿಯಿಂದ ಮಾರ್ಕ್ಸ್ ನೋಡಿಕೊಂಡೇ ಬೆಳೆದವರು ನಿಜ, ಆದರೆ ಸುಮ್ಮನೆ ಕೂತಿದ್ದರೂ ಕಡಿಮೆಯಾಗುವ ಮಾರ್ಕ್ಸ್ ಅವರಿಗೂ ಹೊಸದು.

ಇವರು ಅಲ್ಲಿ ಕಾಲೇಜು ಮುಗಿಸಿದ ಮೇಲೆ ಸಿಕ್ಕಿದ್ದು ಮೂರು ವರ್ಷದ ವರ್ಕ್ ಪರ್ಮಿಟ್. ಮೊದಲ ಕೆಲವು ತಿಂಗಳು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು, ಆ ಅನುಭವ ಲೆಕ್ಕಕ್ಕೆ ಬರಲಿಲ್ಲ. ಆಮೇಲೆ ಓದಿಗೆ ತಕ್ಕ ಕೆಲಸ ಸಿಕ್ಕಿತು. ಕಂಪನಿ ಎಲ್‌ಎಂಐಎ ಕೂಡ ತೆಗೆದುಕೊಟ್ಟಿತು, ಅಂದರೆ ಈ ಕೆಲಸಕ್ಕೆ ಹೊರದೇಶದವರನ್ನು ಇಟ್ಟುಕೊಳ್ಳಬಹುದು ಅಂತ ಸರ್ಕಾರದ ಒಪ್ಪಿಗೆ. ಅದರಿಂದ 50 ಅಂಕ ಸೇರಿ 519 ಆಯಿತು. 2025ರ ಫೆಬ್ರವರಿ ಮೊದಲ ವಾರದ ಡ್ರಾದಲ್ಲಿ ಕೆನಡಾದಲ್ಲೇ ಕೆಲಸ ಮಾಡಿದವರ ಕಟಾಫ್ 521. ಎರಡಂಕದಲ್ಲಿ ಹೋಯಿತು. ಮಾರ್ಚ್ 25ಕ್ಕೆ ಜಾಬ್ ಆಫರ್ ಅಂಕಗಳನ್ನೇ ಸರ್ಕಾರ ತೆಗೆದುಹಾಕಿತು. ತೆಗೆಯುತ್ತೇವೆ ಅಂತ ಹಿಂದಿನ ಡಿಸೆಂಬರ್‌ನಲ್ಲೇ ಹೇಳಿದ್ದರು, ದಿನ ಮಾತ್ರ ಹೇಳಿರಲಿಲ್ಲ. ರಾತ್ರಿ ಮಲಗುವಾಗ 519, ಬೆಳಿಗ್ಗೆ ಎದ್ದಾಗ 469.

ಇಷ್ಟೇ ಆಗಿದ್ದರೆ ಬೇಜಾರು, ಅಷ್ಟೆ. ಎದೆ ಹಿಡಿಯುತ್ತಿದ್ದುದು ಇದಕ್ಕಲ್ಲ.

ಫೆಬ್ರವರಿಯಲ್ಲಿ, ಇನ್ನೇನು ಬಂತು ಅನ್ನುವ ಜೋರಿನಲ್ಲಿದ್ದಾಗ, ಅಮ್ಮ ಫೋನಿನಲ್ಲಿ ಕೇಳಿದ್ದಾರೆ, "ಏನಾಯ್ತಪ್ಪ ನಿನ್ನ ಪಿಆರ್ ಕತೆ?" ಇವರು "ಪ್ರೋಸೆಸ್‌ನಲ್ಲಿದೆ" ಅಂದಿದ್ದಾರೆ. ಅಮ್ಮ ಅದನ್ನು ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪ ತಿಪಟೂರಿನಲ್ಲಿ ಹೆಣ್ಣಿನ ಮನೆಯವರ ಹತ್ತಿರ "ಹುಡುಗಂಗೆ ಪಿಆರ್ ಆಗಿದೆ" ಅಂದುಬಿಟ್ಟರು. ಕಾರ್ತಿಕದಲ್ಲಿ ನಿಶ್ಚಿತಾರ್ಥ ಅಂತ ಮಾತಾಯಿತು. ಹುಡುಗಿ ಬೆಂಗಳೂರಿನಲ್ಲಿ ಲ್ಯಾಬ್ ಕೆಲಸದಲ್ಲಿದ್ದಾಳೆ, ಇಬ್ಬರೂ ವಾರಕ್ಕೆರಡು ಸಲ ಮಾತಾಡುತ್ತಾರೆ, ಆ ಕೆಲಸ ಬಿಡುವುದು ಯಾವಾಗ ಅಂತ ಅವಳು ಕೇಳಲು ಶುರುಮಾಡಿದ್ದಳು. ವರ್ಕ್ ಪರ್ಮಿಟ್ ಮುಗಿಯುವುದು 2026ರ ಮಾರ್ಚ್‌ನಲ್ಲಿ.

"ನಾನೇನು ಸುಳ್ಳು ಹೇಳಿಲ್ಲವಲ್ಲ ಮೇಡಂ" ಅಂದರು. ಅರ್ಜಿ ಹಾಕಿದ್ದು ಯಾವಾಗ ಅಂತ ಕೇಳಿದೆ. ಸುಮ್ಮನಾದರು. ಪೂಲ್‌ನಲ್ಲಿ ಪ್ರೊಫೈಲ್ ಇರುವುದು ಅರ್ಜಿ ಅಲ್ಲ. ಕರೆ ಬಂದರೆ 60 ದಿನದೊಳಗೆ ಹಾಕುವುದು ಅರ್ಜಿ. ಇವರಿಗೆ ಕರೆಯೇ ಬಂದಿಲ್ಲ. ಪ್ರೋಸೆಸ್ ಆಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಇನ್ನೊಂದು ವಿಷಯವೂ ಹೊರಬಂತು. ರೂಮಿನ ಗೆಳೆಯನ ಐಡಿಯಾ: ಊರಿಗೆ ಹೋಗಿ ಮದುವೆ ಆಗಿ ಬಾ, ಫೈಲಿನಲ್ಲಿ ಮಾತ್ರ ಒಂಟಿ ಅಂತಲೇ ಇರಲಿ, ಅಂಕ ಉಳಿಯುತ್ತೆ.

ನಾನು ಕೊಟ್ಟ ಸಲಹೆ ಇಷ್ಟು.

ಮೊದಲು, ವೀಸಾ ವಿಷಯದಲ್ಲಿ ನನ್ನ ಮಾತು ಕೇಳಬೇಡಿ ಅಂದೆ. ನಾನು ಮನಸ್ಸಿನ ವಿಷಯ ನೋಡುವವಳು. ದುಡ್ಡು ತಗೊಂಡು ಸಲಹೆ ಕೊಡಲು ಅಲ್ಲಿ ವಕೀಲರಿಗೆ, ಇಲ್ಲವೇ ಕೆನಡಾದ ಇಮಿಗ್ರೇಷನ್ ಕನ್ಸಲ್ಟೆಂಟ್‌ಗಳ ಕಾಲೇಜಿನ ಪರವಾನಗಿ ಇದ್ದವರಿಗೆ ಅಧಿಕಾರ ಇದೆ. ಅವರ ಹೆಸರು ಕಾಲೇಜಿನ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ, ಒಂದು ಗಂಟೆಯ ಫೀಸ್ ಕೊಟ್ಟು ಕೂತು ಮಾತಾಡಿ ಅಂದೆ. ಹೋದರು. ಗೆಳೆಯನ ಐಡಿಯಾ ಅಲ್ಲೇ ಸತ್ತುಹೋಯಿತು. ಸುಳ್ಳು ಮಾಹಿತಿ ಅಂತಾದರೆ ಐದು ವರ್ಷ ಬಾಗಿಲು ಬಂದ್, ಮೇಲಾಗಿ ಮುಚ್ಚಿಟ್ಟ ಹೆಂಡತಿಯನ್ನು ಆಮೇಲೆ ಕರೆಸಿಕೊಳ್ಳುವುದೂ ಕಷ್ಟ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ 6.5 ಇರುವುದನ್ನು 7 ಮಾಡಿಕೊಂಡರೆ ಸುಮಾರು 20 ಅಂಕ ಜಾಸ್ತಿ ಆಗುತ್ತೆ ಅಂತಲೂ ಗೊತ್ತಾಯಿತು. ಫ್ರೆಂಚ್ ಕಲಿತವರ ಡ್ರಾದಲ್ಲಿ ಆ ಮಾರ್ಚ್‌ನಲ್ಲಿ ಕಟಾಫ್ 379ಕ್ಕೆ ಇಳಿದಿತ್ತು, ಆದರೆ ಫ್ರೆಂಚ್ ಆರು ತಿಂಗಳಲ್ಲಿ ಆಗುವ ಕೆಲಸ ಅಲ್ಲ ಅಂತ ಅವರಿಗೇ ಅನ್ನಿಸಿತು.

ಎರಡನೆಯದಕ್ಕೆ ಜಗಳವೇ ಆಯಿತು. ವಿಷಯವನ್ನು ಮೊದಲು ಹುಡುಗಿಗೆ ಹೇಳಿ, ಆಮೇಲೆ ಅಮ್ಮನಿಗೆ, ಚಿಕ್ಕಪ್ಪನಿಗೆ ಕೊನೆಗೆ ಅಂದೆ. "ನಮ್ಮ ಕಡೆ ಹಾಗೆಲ್ಲ ನಡೆಯಲ್ಲ ಮೇಡಂ, ದೊಡ್ಡವರಿಗೆ ಮೊದಲು ಹೇಳ್ಬೇಕು." ನಡೆಯಲ್ಲ ಅಂತ ನನಗೂ ಗೊತ್ತು. ಆದರೆ ಕೆಲಸ ಬಿಡಲು ಹೊರಟಿರುವುದು ಅವಳು. ದೊಡ್ಡವರ ಬಾಯಿಂದ ಹೋದರೆ ಅದು ಮತ್ತೆ "ಪ್ರೋಸೆಸ್‌ನಲ್ಲಿದೆ, ಸ್ವಲ್ಪ ಲೇಟು" ಅಂತಲೇ ತಲುಪುತ್ತೆ. ವಾಟ್ಸಾಪ್ ಮೆಸೇಜ್ ಬೇಡ, ಕಾಲ್ ಮಾಡಿ, ಆ ಪದ ಮಾತ್ರ ಬಳಸಬೇಡಿ ಅಂತ ಹೇಳಿದೆ.

ನನ್ನ ಮುಂದೆ ನಾಲ್ಕು ಸಲ ಹೇಳಿ ನೋಡಿದರು. ಮೂರು ಸಲವೂ ಆ ಪದ ನುಸುಳಿ ಬಂತು. ನಾಲ್ಕನೇ ಸಲ ಹೀಗಿತ್ತು: "ನನಗೆ ಪಿಆರ್ ಆಗಿಲ್ಲ. ಅರ್ಜಿ ಹಾಕೋಕೆ ಕರೆಯೂ ಬಂದಿಲ್ಲ. ಮಾರ್ಚ್‌ಗೆ ಪರ್ಮಿಟ್ ಮುಗಿಯುತ್ತೆ. ಕಂಪನಿ ಮತ್ತೆ ಎಲ್‌ಎಂಐಎ ಮಾಡಿಸಿದರೆ ಇರಬಹುದು, ಇಲ್ಲದಿದ್ದರೆ ವಾಪಸ್ ಬರಬೇಕಾಗಬಹುದು. ಚಿಕ್ಕಪ್ಪ ಹೇಳಿದಾಗ ನಾನು ತಿದ್ದಲಿಲ್ಲ, ಅದು ನನ್ನ ತಪ್ಪು." ಇಷ್ಟು ಹೇಳಿ ನಿಲ್ಲಿಸಿ, ಅವಳು ಮಾತಾಡುವ ತನಕ ಕಾಯಿರಿ ಅಂದೆ.

ಆ ಎಕ್ಸೆಲ್ ಹಾಳೆಯನ್ನು ಅಳಿಸಿ ಅಂತ ಹೇಳಲಿಲ್ಲ, ಹೇಳಿದರೂ ಕೇಳುತ್ತಿರಲಿಲ್ಲ. ವಾರಕ್ಕೆ ಎರಡೇ ಸಲ ತೆರೆಯುವುದು ಅಂತ ಒಪ್ಪಂದ ಆಯಿತು. ಮೊದಲ ವಾರ ಮುರಿದರು, ಎರಡನೇ ವಾರವೂ ಮುರಿದರು, ಆಮೇಲೆ ಪರವಾಗಿಲ್ಲ.

ಹುಡುಗಿಗೆ ಹೇಳಿದರು. ಅವಳು ತುಂಬ ಹೊತ್ತು ಸುಮ್ಮನಿದ್ದಳಂತೆ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಮದುವೆ ಆದರೆ ನಿಮ್ಮ ಅಂಕ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ?" ಇವರ ಹತ್ತಿರ ಉತ್ತರ ಇತ್ತು. ಸಂಗಾತಿ ಜೊತೆಗಿದ್ದರೆ ವಯಸ್ಸಿನ ಗರಿಷ್ಠ 110 ಇದ್ದದ್ದು 100 ಆಗುತ್ತೆ, ಓದು, ಭಾಷೆಯಲ್ಲೂ ಸ್ವಲ್ಪ ಇಳಿಯುತ್ತೆ, ಸಂಗಾತಿಯ ಕಡೆಯಿಂದ ಹೆಚ್ಚೆಂದರೆ 40 ಸೇರುತ್ತೆ. ಅವಳು ಯೋಚನೆ ಮಾಡ್ತೀನಿ ಅಂತ ಫೋನ್ ಇಟ್ಟಳು.

ಅವಳ ಅಪ್ಪ ನಿಶ್ಚಿತಾರ್ಥ ಮುಂದಕ್ಕೆ ಹಾಕಿದ್ದಾರೆ, ಮುರಿದಿಲ್ಲ. ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ. ಅಮ್ಮ ಒಂದು ದಿನ ಅತ್ತು, ಮಾರನೇ ದಿನ ಫೋನ್ ಮಾಡಿ "ಎಷ್ಟು ಕಮ್ಮಿ ಬೀಳ್ತಿದೆ ನಿಂಗೆ?" ಅಂತ ಕೇಳಿದರಂತೆ. ಇವರು ನಿದ್ದೆ ಈಗ ಐದು ಗಂಟೆ ಬರುತ್ತೆ ಅನ್ನುತ್ತಾರೆ. ಬರವಣಿಗೆ ಪರೀಕ್ಷೆಗೆ ಮತ್ತೆ ದುಡ್ಡು ಕಟ್ಟಿದ್ದಾರೆ.

ನಮ್ಮ ಮುಂದಿನ ಭೇಟಿ ಅಕ್ಟೋಬರ್‌ನಲ್ಲಿ, ಆ ಕೆಂಪು ಸಾಲಿನ ದಿನವೇ. ಆ ತಾರೀಕು ಆರಿಸಿದ್ದು ಅವರು.