ಕಿಯಾಬಾಂಬಾಕ್ಕೆ ಹೊರಟ ಚಿಕ್ಕಮಗಳೂರಿನವರಿಗೆ

ಪೆರುವಿನ ಕಿಯಾಬಾಂಬಾದ ಕಾಫಿ ಸಹಕಾರ ಸಂಘದಲ್ಲಿ ಕೆಲಸ ಸಿಕ್ಕಿದೆ, ಕಾಗದದಲ್ಲಿ ಕುಸ್ಕೋ ಅಂತಿದೆ, ಕುಸ್ಕೋ ಪಟ್ಟಣದಲ್ಲಿ ಮನೆ ಮಾಡಿ ದಿನಾ ಓಡಾಡಬಹುದಾ, ಚಳಿ ಎಷ್ಟು ಅಂತ ಕೇಳಿದ್ದೀರಿ. ಓಡಾಟ ಆಗದ ಮಾತು. ನಾನು ಬಂದಾಗಲೂ ಕಾಗದದಲ್ಲಿ ಕುಸ್ಕೋ ಅಂತಷ್ಟೇ ಇತ್ತು, ಅದಕ್ಕೆ ಇದನ್ನೇ ಮೊದಲು ಬಿಡಿಸಿ ಹೇಳ್ತೀನಿ.

ಇಲ್ಲಿ ಪ್ರದೇಶ, ಅದರೊಳಗೆ ಪ್ರಾಂತ, ಅದರೊಳಗೆ ದಿಸ್ತ್ರಿತೋ. ಮೂರು ಹಂತದಲ್ಲೂ ಒಂದೊಂದು ಕುಸ್ಕೋ ಇದೆ. ನಿಮ್ಮ ವಿಳಾಸ ಕುಸ್ಕೋ ಪ್ರದೇಶ, ಲಾ ಕೊನ್ವೆನ್ಸಿಯೋನ್ ಪ್ರಾಂತ, ಸಾಂತಾ ಆನಾ ದಿಸ್ತ್ರಿತೋ. ಕಿಯಾಬಾಂಬಾ ಹೆಸರೇ ಅದರಲ್ಲಿ ಇಲ್ಲದಿದ್ದರೂ ಗಾಬರಿ ಬೇಡ, ಅದು ಸಾಂತಾ ಆನಾದೊಳಗಿನ ಪಟ್ಟಣ, ಪ್ರಾಂತದ ಕೇಂದ್ರವೂ ಅದೇ. ಅರ್ಜಿಯಲ್ಲಿ ಉಬಿಹೆಯೋ ಕೇಳಿದರೆ ಅದು ಎರಡೆರಡಂಕಿಯಂತೆ ಈ ಮೂರು ಹಂತದ ಸಂಖ್ಯೆ. ಅಂಕಿಅಂಶ ಇಲಾಖೆಯ ಪಟ್ಟಿಯಲ್ಲಿ ಸಾಂತಾ ಆನಾ 080901. ಪ್ರಾಂತದ ಕೇಂದ್ರವಾದ ದಿಸ್ತ್ರಿತೋಗೆ ಬೇರೆ ಪುರಸಭೆ ಇರಲ್ಲ, ಪ್ರಾಂತದ ಪುರಸಭೆಯೇ ಆ ಕೆಲಸವನ್ನೂ ನೋಡುತ್ತೆ. ಮುಂದೆ ಅಂಗಡಿ ಲೈಸೆನ್ಸ್ ಬೇಕಾದರೂ ಅಲ್ಲಿಗೇ ಹೋಗಿ. ವೀಸಾ, ವಿದೇಶಿಯರ ಗುರುತಿನ ಚೀಟಿ ಕೇಂದ್ರ ಸರ್ಕಾರದ್ದು, ಸಂಘದವರೇ ಮಾಡಿಸಲಿ.

ಈ ಸೀಮೆಯಲ್ಲಿ ಕಿಲೋಮೀಟರ್ ಕೇಳಬೇಡಿ, ಎತ್ತರ ಕೇಳಿ. ಕುಸ್ಕೋ ಪಟ್ಟಣ ಸುಮಾರು 3,400 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,930. ಕಿಯಾಬಾಂಬಾ 1,050ರ ಆಸುಪಾಸು, ಹೆಚ್ಚುಕಡಿಮೆ ಚಿಕ್ಕಮಗಳೂರಿನಷ್ಟೇ, ಆದರೆ ಸೆಕೆ ಜಾಸ್ತಿ. ನಡುವೆ ದಾರಿ ಓಯಾಂತಾಯ್ತಾಂಬೋ ದಾಟಿ 4,316 ಮೀಟರಿನ ಮಾಲಗ ಕಣಿವೆದಾರಿಗೆ ಹತ್ತಿ, ಆ ಕಡೆ ಒಂದೇ ಸಮನೆ ಕಾಡಿಗೆ ಇಳಿಯುತ್ತೆ. 200 ಚಿಲ್ಲರೆ ಕಿ.ಮೀ.ಗೆ ಐದಾರು ಗಂಟೆ. ಸ್ವೆಟರ್ ಬೇಕಾಗೋದು ಆ ನೆತ್ತಿಯಲ್ಲೇ, ಕೈಚೀಲದಲ್ಲಿರಲಿ.

ಲಿಮಾ ಸಮುದ್ರಮಟ್ಟದ ಊರು. ಅಲ್ಲಿಂದ ವಿಮಾನದಲ್ಲಿ ಬಂದಿಳಿದವರು ಕುಸ್ಕೋದಲ್ಲಿ ಮಲಗದೆ, ಅವತ್ತೇ 2,900ಕ್ಕಿಂತ ಕೆಳಗಿರುವ ಉರುಬಾಂಬಾ ಅಥವಾ ಓಯಾಂತಾಯ್ತಾಂಬೋಗೆ ಇಳಿದು ಎರಡು ರಾತ್ರಿ ಕಳೆಯಿರಿ, ಆಮೇಲೆ ಮಾಲಗ ಹತ್ತಿ. ಎತ್ತರಕ್ಕೆ ಬರುವ ತಲೆನೋವು, ವಾಕರಿಕೆ ಮಲಗಿದಾಗಲೇ ಜೋರಾಗೋದು. ಸುಮ್ಮನೆ ಕೂತಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ ಕಂಡರೆ ಕಾಯಬೇಡಿ, ಕೆಳಗಿಳಿದು ವೈದ್ಯರಿಗೆ ತೋರಿಸಿ. ಕೋಕಾ ಎಲೆಯ ಕಷಾಯ ಇಲ್ಲಿ ಮನೆಮಾತು. ಊರಿಗೆ ಹೊರಡುವಾಗ ಮಾತ್ರ ಒಂದೆಲೆಯೂ ಪೆಟ್ಟಿಗೆಯಲ್ಲಿರಬಾರದು.

ಸ್ಪ್ಯಾನಿಷ್ ಕಲಿತು ಬರ್ತೀರಿ, ಸಂತೋಷ. ಇಲ್ಲಿನ ಮೂಲನಿವಾಸಿಗಳ ಭಾಷೆ ಕೆಚುವಾವನ್ನೂ ಮೊದಲ ವರ್ಷವೇ ಹಿಡಿಯಿರಿ. ನನಗೆ ಉಳಿದ ಕೊರಗು ಅದೊಂದೇ. ಬೆಟ್ಟದ ಮೇಲಿನ ವಯಸ್ಸಾದ ಬೆಳೆಗಾರರು ತಮ್ಮ ಗಿಡದ ವಿಚಾರ ಮನಸ್ಸು ಬಿಚ್ಚಿ ಹೇಳೋದು ಅದರಲ್ಲೇ.

ಕೊಯ್ಲು ಇಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ. ನಮ್ಮಲ್ಲಿ ಹಣ್ಣು ಕೀಳೋ ಹೊತ್ತಿಗೆ ನಿಮಗೆ ಬಿಡುವು, ಊರಿಗೆ ಹೋಗೋಣ ಅನಿಸೋದೂ ಆಗಲೇ. ಡಿಸೆಂಬರಿನಿಂದ ಮಾರ್ಚ್ ತನಕ ಜೋರು ಮಳೆ, ಮಾಲಗದಿಂದ ಸಾಂತಾ ಮರಿಯಾ ಕಡೆಯ ಇಳಿಜಾರಿನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತೆ. ಕುಸ್ಕೋದಿಂದ ವಿಮಾನವಿದ್ದರೆ ಎರಡು ದಿನ ಮುಂಚೆಯೇ ಕಿಯಾಬಾಂಬಾ ಬಿಡಿ, ರಾತ್ರಿ ವ್ಯಾನ್ ಬೇಡ. ಟಿಕೆಟ್ ದುಬಾರಿಯಾದರೂ ದಿನ ಬದಲಿಸಬಹುದಾದದ್ದನ್ನೇ ತೆಗೆದುಕೊಳ್ಳಿ.